ಮುಂದೆ ಬೈಕು, ಹಿಂದೆ ಟ್ಯಾಂಕು: ಕೆಟ್ಟೆನ್‌ಕ್ರಾಡ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಬೈಕಿನ ಹುಚ್ಚು ಇರುವವರ ಫೋನಿಗೆ ಒಂದಲ್ಲ ಒಂದು ದಿನ ಈ ಕಪ್ಪು-ಬಿಳುಪು ಫೋಟೊ ಬಂದೇ ಬರುತ್ತದೆ. ಮುಂದೆ ಬೈಕಿನ ಹ್ಯಾಂಡಲ್, ಒಂದೇ ಚಕ್ರ. ಹಿಂದೆ ನೋಡಿದರೆ ಎರಡೂ ಕಡೆ ಟ್ಯಾಂಕಿನ ಹಾಗೆ ಕಬ್ಬಿಣದ ಟ್ರ್ಯಾಕ್. ಮೇಲೆ ಹೆಲ್ಮೆಟ್ ಹಾಕಿದ ಸೈನಿಕ. ಫೋಟೊ ನೋಡಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಎಲ್ಲಾ ಒಂದೇ ಕಡೆ ಬರೆದಿಟ್ಟರೆ ನನಗೂ ಸುಲಭ, ಕೇಳುವವರಿಗೂ ಸುಲಭ.

ಇದು ನಿಜವಾಗ್ಲೂ ಇದ್ದ ಗಾಡಿನಾ, ಇಲ್ಲಾ ಕಂಪ್ಯೂಟರ್‌ನಲ್ಲಿ ಮಾಡಿದ ಚಿತ್ರನಾ?

ನಿಜವಾದ ಗಾಡಿ. ಜರ್ಮನಿಯ ಎನ್‌ಎಸ್‌ಯು ಕಂಪನಿ ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಥ ಗಾಡಿ ಮಾಡಿತು. ಸ್ವಲ್ಪ ಕಾಲ ಸ್ಟೋವರ್ ಅನ್ನುವ ಇನ್ನೊಂದು ಕಂಪನಿಯೂ ಮಾಡಿತು. ಎರಡೂ ಸೇರಿ 8 ಸಾವಿರಕ್ಕೂ ಹೆಚ್ಚು. ಕಾಗದದ ಮೇಲಿನ ಹೆಸರು ಎಚ್‌ಕೆ 101, ಸೈನ್ಯದ ಪಟ್ಟಿಯಲ್ಲಿ ಎಸ್‌ಡಿ ಕೆಎಫ್‌ಜೆಡ್ 2. ಜನರ ಬಾಯಲ್ಲಿ ಉಳಿದದ್ದು ಮಾತ್ರ ಕೆಟ್ಟೆನ್‌ಕ್ರಾಡ್.

ಹಾಗಂದ್ರೆ ಏನು?

ಜರ್ಮನ್‌ನಲ್ಲಿ ಕೆಟ್ಟೆ ಅಂದರೆ ಚೈನು. ಕ್ರಾಡ್ ಅನ್ನೋದು ಬೈಕಿಗೆ ಅಲ್ಲಿನ ಸೈನ್ಯದವರು ಬಳಸುತ್ತಿದ್ದ ಮೋಟು ಹೆಸರು. ಎರಡೂ ಸೇರಿ ಚೈನ್ ಬೈಕು. ನಮ್ಮ ಕಡೆ ಭತ್ತ ಕೊಯ್ಯುವ ಯಂತ್ರದಲ್ಲಿ ಟೈರಿನದ್ದು ಬೇರೆ, ‘ಚೈನ್ ಮಷೀನು’ ಬೇರೆ ಅಂತ ಹೇಳ್ತೀವಲ್ಲ, ಅದೇ ಚೈನು.

ಎನ್‌ಎಸ್‌ಯು ಅಂತ ಕೇಳೇ ಇಲ್ಲ. ಯಾವ ಕಂಪನಿ ಅದು?

ನೆಕರ್‌ಸುಲ್ಮ್ ಅನ್ನುವ ಊರಿನ ಹೆಸರನ್ನೇ ಚಿಕ್ಕದು ಮಾಡಿ ಇಟ್ಟುಕೊಂಡ ಕಂಪನಿ. 1873ರಲ್ಲಿ ಹೆಣಿಗೆ ಯಂತ್ರ ಮಾಡುತ್ತಾ ಶುರುವಾಯಿತು. ಆಮೇಲೆ ಸೈಕಲ್, 1901ರಿಂದ ಬೈಕು. 1950ರ ದಶಕದ ನಡುವಿನಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಬೈಕ್ ಮಾಡುವ ಕಂಪನಿ ಅದೇ ಆಗಿತ್ತು. 1969ರಲ್ಲಿ ಆಟೊ ಯೂನಿಯನ್ ಅನ್ನುವ ಕಾರು ಕಂಪನಿ ಜೊತೆ ಸೇರಿತು. ಇವತ್ತಿನ ಆಡಿ ಕಾರಿನ ವಂಶಾವಳಿ ಬಿಡಿಸಿದರೆ ಅದರಲ್ಲಿ ಎನ್‌ಎಸ್‌ಯು ಕೂಡ ಒಂದು ಕೊಂಬೆ. ಆ ಊರಿನಲ್ಲಿ ಈಗಲೂ ಆಡಿ ಕಾರ್ಖಾನೆ ಇದೆ.

ಬೈಕಿಗೆ ಟ್ರ್ಯಾಕ್ ಹಾಕೋ ಯೋಚನೆ ಯಾಕೆ ಬಂತು? ಟೈರ್ ಸಾಲದಾ?

ಗಟ್ಟಿ ನೆಲದಲ್ಲಿ ಟೈರೇ ಸಾಕು. ಕಷ್ಟ ಶುರುವಾಗುವುದು ನೆಲ ಮೆತ್ತಗಾದಾಗ.

ಒಂದು ಸುಲಭ ಲೆಕ್ಕ ಇದೆ. ಟೈರಿನೊಳಗೆ ಎಷ್ಟು ಒತ್ತಡದ ಗಾಳಿ ಇದೆಯೋ, ಸುಮಾರಾಗಿ ಅಷ್ಟೇ ಒತ್ತಡ ಅದು ನೆಲದ ಮೇಲೆ ಹಾಕುತ್ತದೆ. ಪಂಕ್ಚರ್ ಅಂಗಡಿಯಲ್ಲಿ ನೀವು 28 ಹೊಡೆಸಿದಿರಿ ಅಂದುಕೊಳ್ಳಿ. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಹತ್ತಿರ ಹತ್ತಿರ 2 ಕೆ.ಜಿ. ಭಾರ. 70 ಕೆ.ಜಿ. ತೂಕದ ಮನುಷ್ಯ ಒಂಟಿ ಕಾಲಲ್ಲಿ ನಿಂತರೂ ಅರ್ಧ ಕೆ.ಜಿ. ದಾಟುವುದಿಲ್ಲ. ಅದಕ್ಕೇ ನಾವು ನಡೆದು ದಾಟುವ ಜಾಗದಲ್ಲಿ ಬೈಕ್ ಹೂತು ಹೋಗುತ್ತದೆ. ಈಗಿನ ಸ್ನೋ ಸ್ಕೂಟರಿನ ಅಗಲ ಪಟ್ಟಿ ಹಾಕುವ ಒತ್ತಡವಂತೂ ನಮ್ಮ ಪಾದದ ಹತ್ತನೇ ಒಂದು ಭಾಗದಷ್ಟು. ಮಲೆನಾಡಿನಲ್ಲಿ ಕೆಸರು ದಾಟಲು ಅಡಕೆ ದಬ್ಬೆ ಹಾಸಿಕೊಂಡು ಅದರ ಮೇಲೆ ನಡೆಯುತ್ತಾರಲ್ಲ, ಟ್ರ್ಯಾಕ್ ಮಾಡುವುದೂ ಅದನ್ನೇ. ತನ್ನ ದಬ್ಬೆಯನ್ನು ತಾನೇ ಮುಂದೆ ಹಾಸಿಕೊಂಡು, ಅದರ ಮೇಲೆ ಉರುಳಿ, ಹಿಂದಿನಿಂದ ಎತ್ತಿಕೊಂಡು ಮತ್ತೆ ಮುಂದಕ್ಕೆ ತರುತ್ತದೆ.

ನನಗೆ ಇದು ತಲೆಗೆ ಹತ್ತಿದ್ದು ಪುಸ್ತಕ ಓದಿ ಅಲ್ಲ. ನಮ್ಮದು ಭದ್ರಾ ನಾಲೆ ಕಡೆಯ ಊರು. ಒಂದು ವರ್ಷ ಕೊಯ್ಲಿನ ಹೊತ್ತಿಗೆ ಮಳೆ ಹೊಡೆಯಿತು. ಅಪ್ಪ ಯೆಜ್ಡಿಯನ್ನು ಬದುವಿನಿಂದ ಗದ್ದೆಗೆ ಇಳಿಸಿದರು. ಹತ್ತು ಅಡಿಯೂ ಹೋಗಲಿಲ್ಲ, ಹಿಂದಿನ ಚಕ್ರ ಆಕ್ಸಲ್‌ವರೆಗೆ ಒಳಗೆ. ಆಕ್ಸಿಲರೇಟರ್ ಕೊಟ್ಟಷ್ಟೂ ಗುಂಡಿ ಆಳವಾಗುತ್ತಿತ್ತು, ನನ್ನ ಬೆನ್ನ ತುಂಬ ಕೆಸರು. ಅಷ್ಟರಲ್ಲಿ ಪಕ್ಕದಲ್ಲೇ ಚೈನ್ ಮಷೀನು ಗುಡುಗುಡು ಅಂತ ಬಂತು. ಟನ್ನುಗಟ್ಟಲೆ ಭಾರದ ಯಂತ್ರ. ಅದು ಹೋದ ಮೇಲೆ ಉಳಿದದ್ದು ನಾಲ್ಕು ಬೆರಳು ಆಳದ ಗುರುತು, ಅಷ್ಟೇ. ಡ್ರೈವರ್ ನಮ್ಮನ್ನು ನೋಡಿ ನಕ್ಕದ್ದು ಅಪ್ಪನಿಗೆ ಇನ್ನೂ ನೆನಪಿದೆ.

ಇದನ್ನ ಮಾಡಿದ್ದು ಯಾರು, ಯಾತಕ್ಕೆ?

ಹೈನ್ರಿಷ್ ಕ್ನೀಪ್‌ಕಾಂಪ್ ಅನ್ನುವ ಎಂಜಿನಿಯರ್. ಜರ್ಮನ್ ಸೈನ್ಯದ ಶಸ್ತ್ರಾಸ್ತ್ರ ಇಲಾಖೆಯಲ್ಲಿದ್ದವರು. 1939ರಲ್ಲಿ ಪೇಟೆಂಟ್ ಪಡೆದರು. ಮೂಲ ಉದ್ದೇಶ ಪ್ಯಾರಾಚೂಟ್ ಪಡೆಗೆ ಒಂದು ಪುಟ್ಟ ಟ್ರ್ಯಾಕ್ಟರ್ ಮಾಡಿಕೊಡುವುದು. ಯೂಂಕರ್ಸ್ 52 ವಿಮಾನದಲ್ಲಿ ಹಾಕಿಕೊಂಡು ಹೋಗುವಷ್ಟು ಚಿಕ್ಕದಿರಬೇಕು, ಇಳಿದ ಮೇಲೆ ಫಿರಂಗಿ ಎಳೆಯುವಷ್ಟು ಕಸುವೂ ಇರಬೇಕು. ಅದಕ್ಕೇ ಉದ್ದ ಬರೀ 3 ಮೀಟರ್, ಅಗಲ 1 ಮೀಟರ್. ಅಷ್ಟು ಇಕ್ಕಟ್ಟಿನಲ್ಲಿ ಸ್ಟಿಯರಿಂಗ್, ಕ್ಯಾಬಿನ್ ಅಂತ ಕೂರಿಸಲು ಜಾಗವೆಲ್ಲಿ? ಬೈಕಿನ ಹಾಗೆ ಕಾಲು ಅಗಲಿಸಿ ಕೂರುವುದೇ ದಾರಿ.

ಇದೇ ನಾನು ಎಲ್ಲರಿಗೂ ಹೇಳುವ ಮಾತು. ಇದು ಟ್ರ್ಯಾಕ್ ಹಾಕಿದ ಬೈಕಲ್ಲ, ಬೈಕಿನ ಮೂತಿ ಅಂಟಿಸಿಕೊಂಡ ಟ್ರ್ಯಾಕ್ಟರ್. ಹ್ಯಾಂಡಲ್ ನೋಡಿ ಮೋಸ ಹೋಗಬೇಡಿ.

ಎಂಜಿನ್ ಯಾವುದು? ಬೈಕಿನದ್ದೇನಾ?

ಕಾರಿನದ್ದು. ಓಪೆಲ್ ಒಲಿಂಪಿಯಾ ಕಾರಿನ 1488 ಸಿಸಿ ಪೆಟ್ರೋಲ್ ಎಂಜಿನ್. ನಾಲ್ಕು ಸಿಲಿಂಡರ್, ನೀರಿನಿಂದ ತಂಪಾಗುವಂಥದ್ದು, 36 ಅಶ್ವಶಕ್ತಿ. ನಮ್ಮ ಮಾರುತಿ 800ರ ಶಕ್ತಿಯೂ ಹೆಚ್ಚುಕಮ್ಮಿ ಇಷ್ಟೇ. ಆದರೆ ಕೆಟ್ಟೆನ್‌ಕ್ರಾಡ್ ಖಾಲಿ ಇದ್ದಾಗಲೇ 1,235 ಕೆ.ಜಿ. ತೂಗುತ್ತದೆ. ಅಂದರೆ ಎರಡು ಮಾರುತಿಗೆ ಹತ್ತಿರ! ಇನ್ನೊಂದು ತಮಾಷೆ: ಓಪೆಲ್ ಕಂಪನಿ 1929ರಿಂದಲೇ ಅಮೆರಿಕದ ಜನರಲ್ ಮೋಟರ್ಸ್ ಕೈಲಿತ್ತು.

ಎಷ್ಟು ಕೊಡುತ್ತೆ?

ಈ ಪ್ರಶ್ನೆ ಬರಲಿಲ್ಲ ಅಂದ್ರೆ ನಾವು ಭಾರತೀಯರೇ ಅಲ್ಲ ಬಿಡಿ. ಎರಡು ಟ್ಯಾಂಕ್ ಸೇರಿ 42 ಲೀಟರ್ ಹಿಡಿಯುತ್ತದೆ, ರಸ್ತೆಯಲ್ಲಾದರೆ ಸುಮಾರು 250 ಕಿ.ಮೀ. ಓಡುತ್ತದೆ. ಲೀಟರಿಗೆ ಆರು ಅಂತಿಟ್ಟುಕೊಳ್ಳಿ. ಕೆಸರಿಗೆ ಇಳಿಸಿದರೆ ಅಷ್ಟೂ ಇಲ್ಲ. ವೇಗ ಗಂಟೆಗೆ 70 ಕಿ.ಮೀ. ತನಕ.

ಓಡಿಸೋದು ಬೈಕ್ ಓಡಿಸಿದ ಹಾಗೇನಾ?

ಬಲಗೈಯಲ್ಲಿ ಆಕ್ಸಿಲರೇಟರ್ ತಿರುಗಿಸುವುದು ಬೈಕಿನ ಹಾಗೆ. ಅಲ್ಲಿಗೆ ಬೈಕು ಮುಗಿಯಿತು. ಕ್ಲಚ್ ಎಡಗಾಲಿನಲ್ಲಿ, ಬ್ರೇಕ್ ಬಲಗಾಲಿನಲ್ಲಿ, ಕಾರಿನ ಹಾಗೆ. ಗೇರ್‌ಬಾಕ್ಸ್ ಮೇಲೆಯೇ ಸೀಟು, ಅದರ ಆಚೆ ಒಂದು ಕಾಲು, ಈಚೆ ಒಂದು ಕಾಲು. ಗೇರ್ ಲಿವರ್ ಮೊಣಕಾಲುಗಳ ನಡುವೆ. ಮುಂದಕ್ಕೆ ಮೂರು ಗೇರ್, ರಿವರ್ಸ್ ಒಂದು. ಇದರ ಜೊತೆ ಹೈ-ಲೋ ಲಿವರ್ ಬೇರೆ. ಹೀಗಾಗಿ ಒಟ್ಟು ಮುಂದಕ್ಕೆ ಆರು, ಹಿಂದಕ್ಕೆ ಎರಡು. ಟ್ರ್ಯಾಕ್ಟರ್ ಓಡಿಸಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ, ಬೈಕ್ ಮಾತ್ರ ಓಡಿಸಿದವರು ತಡಕಾಡುತ್ತಾರೆ.

ಎಂಜಿನ್ ಇರುವುದು ಡ್ರೈವರ್ ಬೆನ್ನ ಹಿಂದೆ. ಅದರ ಹಿಂದೆ ಇಬ್ಬರು ಕೂರಬಹುದು, ಅವರ ಮುಖ ಹಿಂದಕ್ಕೆ. ಎಳೆದುಕೊಂಡು ಬರುತ್ತಿರುವ ಫಿರಂಗಿಯನ್ನು ನೋಡಿಕೊಂಡೇ ಅವರ ಪ್ರಯಾಣ.

ಬರೀ ಆ ಸಣ್ಣ ಮುಂದಿನ ಚಕ್ರದಿಂದ ಇಷ್ಟು ಭಾರದ ಗಾಡಿ ಹೇಗೆ ತಿರುಗುತ್ತೆ?

ಒಳ್ಳೆ ಪ್ರಶ್ನೆ. ಉತ್ತರ: ತಿರುಗಲ್ಲ.

ಹ್ಯಾಂಡಲನ್ನು ಸ್ವಲ್ಪ ತಿರುಗಿಸಿದರೆ ಮುಂದಿನ ಚಕ್ರ ಮಾತ್ರ ಕೆಲಸ ಮಾಡುತ್ತದೆ. ರಸ್ತೆಯ ದೊಡ್ಡ ತಿರುವಿಗೆ ಅಷ್ಟು ಸಾಕು. ಇನ್ನೂ ಜಾಸ್ತಿ ತಿರುಗಿಸಿದರೆ ಅದಕ್ಕೆ ಜೋಡಿಸಿದ ಕಡ್ಡಿಗಳು ಆ ಕಡೆಯ ಟ್ರ್ಯಾಕಿನ ಬ್ರೇಕ್ ಹಿಡಿಯುತ್ತವೆ. ಎಡಗಡೆ ಟ್ರ್ಯಾಕ್ ನಿಧಾನವಾಯಿತು, ಬಲಗಡೆಯದು ಓಡುತ್ತಲೇ ಇದೆ ಅಂದರೆ ಗಾಡಿ ಎಡಕ್ಕೆ ಹೊರಳಲೇಬೇಕು. ಎತ್ತಿನ ಗಾಡಿಯಲ್ಲಿ ಎಡದ ಎತ್ತಿನ ಹಗ್ಗ ಜಗ್ಗಿ ಬಲದ್ದನ್ನು ಗದರಿಸುವುದಿಲ್ಲವೇ, ಹಾಗೆ. ಜಾಣತನ ಇರುವುದು ಎರಡನ್ನೂ ಒಂದೇ ಹ್ಯಾಂಡಲಿಗೆ ಕಟ್ಟಿದ್ದರಲ್ಲಿ. ಓಡಿಸುವವನು ಬೇರೆ ಲಿವರ್ ಹುಡುಕಬೇಕಾಗಿಲ್ಲ.

ಇನ್ನೂ ಒಂದು ವಿಷಯ ಕೇಳಿ. ಮುಂದಿನ ಚಕ್ರವನ್ನು ಬಿಚ್ಚಿಟ್ಟು ಕೂಡ ಇದನ್ನು ಓಡಿಸಬಹುದು! ತೀರಾ ಕೆಟ್ಟ ನೆಲದಲ್ಲಿ ನಿಧಾನವಾಗಿ ಹೋಗುವಾಗ ಬಿಚ್ಚುವುದೇ ಒಳ್ಳೆಯದು ಅನ್ನುವ ಸಲಹೆಯೂ ಇತ್ತು. ಫೋಟೊದಲ್ಲಿ ಎಲ್ಲರ ಕಣ್ಣು ಸೆಳೆಯುವ ಚಕ್ರವೇ ಈ ಗಾಡಿಗೆ ಅಷ್ಟೊಂದು ಬೇಕಾಗಿಲ್ಲ.

ಟ್ರ್ಯಾಕ್ ಹತ್ತಿರದಿಂದ ಹೇಗಿರುತ್ತೆ?

ನನಗೆ ಇಷ್ಟವಾದ ಭಾಗ ಇದು, ಸ್ವಲ್ಪ ಉದ್ದ ಆದರೆ ಬೇಜಾರು ಮಾಡ್ಕೋಬೇಡಿ.

ಮಣ್ಣು ಅಗೆಯುವ ಹಿಟಾಚಿ ಎಲ್ಲರೂ ನೋಡಿರುತ್ತೀರಿ. (ಯಾವ ಕಂಪನಿಯದ್ದಾದರೂ ಸರಿ, ಚೈನ್ ಇದ್ದರೆ ನಮ್ಮಲ್ಲಿ ಅದು ಹಿಟಾಚಿ, ಟೈರ್ ಇದ್ದರೆ ಜೆಸಿಬಿ.) ಅದರ ಚೈನ್ ಬರೀ ಒರಟು ಕಬ್ಬಿಣ. ಕಟಕಟ ಅಂತ ಆಮೆ ಹಾಗೆ ಹೋಗುತ್ತದೆ, ಊರಿಂದೂರಿಗೆ ಲಾರಿ ಮೇಲೆಯೇ ಸವಾರಿ. ಕೆಟ್ಟೆನ್‌ಕ್ರಾಡ್ ಹಾಗಲ್ಲ, ರಸ್ತೆಯಲ್ಲಿ 70ರಲ್ಲಿ ಓಡಬೇಕಿತ್ತು. ಒರಟು ಚೈನ್ ಆ ವೇಗಕ್ಕೆ ಬಾಳುವುದಿಲ್ಲ. ಅದಕ್ಕೆ ಇದರ ಒಂದೊಂದು ಕೊಂಡಿಯನ್ನೂ ಗಡಿಯಾರದ ಕೆಲಸದ ಹಾಗೆ ಮಾಡಿದ್ದಾರೆ. ಕೊಂಡಿ ಕೊಂಡಿ ಸೇರುವ ಪಿನ್ನಿಗೆ ಸೂಜಿಯಷ್ಟು ಸಪೂರದ ರೋಲರ್‌ಗಳ ಬೇರಿಂಗ್. ಒಳಗೆ ಗ್ರೀಸ್. ನೆಲಕ್ಕೆ ತಾಗುವ ಕಡೆ ರಬ್ಬರ್ ಗಟ್ಟಿ, ಸವೆದರೆ ಬಿಚ್ಚಿ ಹೊಸದು ಹಾಕಬಹುದು. ಒಂದು ಬೈಕಿನ ಚೈನಿಗೆ ಎಣ್ಣೆ ಬಿಡಲು ನಮಗೆ ಸೋಮಾರಿತನ. ಇಲ್ಲಿ ಎರಡು ಟ್ರ್ಯಾಕ್, ಪ್ರತಿ ಕೊಂಡಿಗೂ ಗ್ರೀಸ್ ಹೊಡೆಯಬೇಕು ಅಂದರೆ ಯೋಚನೆ ಮಾಡಿ.

ಟ್ರ್ಯಾಕಿನ ಒಳಗಿನ ಚಕ್ರಗಳದ್ದು ಬೇರೆಯೇ ಕತೆ. ಅವು ಸಾಲಾಗಿ ನಿಂತಿಲ್ಲ. ಮಂಗಳೂರು ಹೆಂಚು ಜೋಡಿಸಿದ ಹಾಗೆ ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಕೂರಿಸಿದ್ದಾರೆ. ಇದರಿಂದ ಭಾರ ಟ್ರ್ಯಾಕಿನ ಉದ್ದಕ್ಕೂ ಸಮನಾಗಿ ಹಂಚಿಹೋಗುತ್ತದೆ, ಓಟವೂ ನಯ. ಕ್ನೀಪ್‌ಕಾಂಪ್‌ಗೆ ಈ ಜೋಡಣೆ ಮೇಲೆ ಬಹಳ ಪ್ರೀತಿ. ಮುಂದೆ ಟೈಗರ್, ಪ್ಯಾಂಥರ್ ಟ್ಯಾಂಕುಗಳಲ್ಲೂ ಇದೇ ಬಂತು. ಆದರೆ ಒಳಗಿನ ಸಾಲಿನ ಒಂದು ಚಕ್ರ ಕೆಟ್ಟರೆ? ಅದಕ್ಕಿಂತ ಮೊದಲು ಹೊರಗಿನವನ್ನು ಬಿಚ್ಚಬೇಕು. ಕಾರ್ಖಾನೆಯಲ್ಲಿ ಕುಳಿತು ಗೆರೆ ಎಳೆದವರು ಕೆಸರಲ್ಲಿ ಮಲಗಿ ಸ್ಪ್ಯಾನರ್ ತಿರುಗಿಸುವುದಿಲ್ಲ ನೋಡಿ.

ಸೈಕಲ್ ಚೈನ್ ಥರ ಟ್ರ್ಯಾಕ್ ಕಳಚಿ ಬೀಳುತ್ತಾ?

ಬೀಳುತ್ತದೆ. ಸಡಿಲ ಬಿಟ್ಟು ಜೋರಾಗಿ ತಿರುಗಿಸಿದರೆ ಅಥವಾ ಒಳಗೆ ಕಲ್ಲು ಸಿಕ್ಕಿಹಾಕಿಕೊಂಡರೆ ಹೀಗಾಗುತ್ತದೆ. ಟ್ರ್ಯಾಕನ್ನು ಎಳೆಯುವ ಹಲ್ಲಿನ ಚಕ್ರ ಮುಂದೆ ಇದೆ. ಹಿಂದಿನ ಚಕ್ರವನ್ನು ಹಿಂದೆಮುಂದೆ ಸರಿಸಿ ಬಿಗಿ ಮಾಡಬೇಕು. ತೀರಾ ಬಿಗಿ ಮಾಡಿದರೆ ಬೇರಿಂಗ್ ಸವೆಯುತ್ತದೆ, ಸಡಿಲ ಬಿಟ್ಟರೆ ಟ್ರ್ಯಾಕ್ ಕಳಚುತ್ತದೆ. ಬೈಕಿನ ಚೈನ್ ಸ್ಲ್ಯಾಕ್ ನೋಡುವ ಹಾಗೇ ಇದು, ಆದರೆ ಎತ್ತಿ ಕೂರಿಸಲು ಒಬ್ಬರ ಕೈ ಸಾಲುವುದಿಲ್ಲ.

ಹಿಮದಲ್ಲಿ ಚೆನ್ನಾಗಿ ಓಡ್ತಿತ್ತಾ?

ಹಿಮಕ್ಕೂ ಮೊದಲು ಕೆಸರಿನ ವಿಷಯ ಹೇಳಬೇಕು. 1941ರಲ್ಲಿ ಜರ್ಮನ್ ಸೈನ್ಯ ಸೋವಿಯತ್ ದೇಶಕ್ಕೆ ನುಗ್ಗಿದಾಗ ಈ ಗಾಡಿ ಕೆಲಸಕ್ಕೆ ಬಂತು. ಅಲ್ಲಿ ಚಳಿಗಾಲಕ್ಕೆ ಮುಂಚೆ ಒಂದು ಸಲ, ಹಿಮ ಕರಗುವಾಗ ಇನ್ನೊಂದು ಸಲ ರಸ್ತೆಗಳೆಲ್ಲ ಅಂಬಲಿಯಾಗುತ್ತವೆ. ರಷ್ಯನ್ನರು ಆ ಕಾಲಕ್ಕೆ ರಸ್ಪೂತಿತ್ಸ ಅಂತ ಹೆಸರೇ ಇಟ್ಟಿದ್ದಾರೆ. ಸೈಡ್‌ಕಾರ್ ಬೈಕುಗಳು ಮಡ್‌ಗಾರ್ಡ್‌ವರೆಗೆ ಕೆಸರು ತುಂಬಿಕೊಂಡು ನಿಂತುಬಿಟ್ಟವು. ಕೆಟ್ಟೆನ್‌ಕ್ರಾಡ್ ಹೋಗುತ್ತಿತ್ತು.

ಹಿಮದಲ್ಲೂ ಟೈರಿನ ಗಾಡಿಗಿಂತ ಎಷ್ಟೋ ಮೇಲು. ಆದರೆ ಆ ಹೆಂಚಿನ ಜೋಡಣೆ ಹೇಳಿದೆನಲ್ಲ, ಅದೇ ಇಲ್ಲಿ ಕೈಕೊಟ್ಟಿತು. ಹಗಲು ಓಡುವಾಗ ಚಕ್ರಗಳ ಸಂದಿಗೆ ಕೆಸರು, ಹಿಮ ತುಂಬುತ್ತದೆ. ರಾತ್ರಿ ನಿಲ್ಲಿಸಿದರೆ ಅದು ಕಲ್ಲಾಗುತ್ತದೆ. ಬೆಳಗ್ಗೆ ಗಾಡಿ ಅಲ್ಲಾಡುವುದಿಲ್ಲ. ಇಂಥ ಚಕ್ರವಿದ್ದ ಜರ್ಮನ್ ಗಾಡಿಗಳಿಗೆಲ್ಲ ಈ ಕಾಟ ಇತ್ತು.

ಯುದ್ಧದಲ್ಲಿ ಇದರ ಮೇಲೆ ಕೂತು ಗುಂಡು ಹಾರಿಸ್ತಿದ್ರಾ?

ಗೇಮುಗಳಲ್ಲಿ ಹಾಗೆ ತೋರಿಸುತ್ತಾರೆ. ನಿಜದಲ್ಲಿ ಇದು ಹಮಾಲಿ ಕೆಲಸದ ಗಾಡಿ. ಸಣ್ಣ ಟ್ಯಾಂಕ್‌ನಿರೋಧಕ ಫಿರಂಗಿ ಎಳೆಯುವುದು, ಮದ್ದುಗುಂಡಿನ ಟ್ರೈಲರ್ ಎಳೆಯುವುದು, ಟೆಲಿಫೋನ್ ವೈರ್ ಹಾಸುವುದು. ವೈರ್ ಹಾಸಲೆಂದೇ ಎರಡು ಬೇರೆ ಮಾದರಿಗಳಿದ್ದವು. ಯುದ್ಧದ ಕೊನೆಗೆ ಜರ್ಮನಿಯಲ್ಲಿ ಇಂಧನಕ್ಕೆ ಬರ ಬಂದಾಗ, ಮೆಸ್ಸರ್‌ಶ್ಮಿಟ್ 262 ಜೆಟ್ ವಿಮಾನಗಳನ್ನು ರನ್‌ವೇವರೆಗೆ ಎಳೆದುಕೊಂಡು ಹೋಗಿದ್ದೂ ಇದೇ. ಆ ಕಾಲದ ಅತ್ಯಾಧುನಿಕ ಯುದ್ಧವಿಮಾನ, ಅದರ ಮುಂದೆ ಈ ಕುಳ್ಳ ಗಾಡಿ. ಆ ಫೋಟೊಗಳನ್ನು ನಾನು ಎಷ್ಟು ಸಲ ನೋಡಿದರೂ ಸಾಕಾಗಿಲ್ಲ.

ನಾಜಿ ಸೈನ್ಯದ ಗಾಡಿ ಅನ್ನುವುದನ್ನು ಮಾತ್ರ ಮರೆಯಬಾರದು. ಯಂತ್ರದ ಮೇಲಿನ ಪ್ರೀತಿ ಬೇರೆ, ಆ ಸಮವಸ್ತ್ರದ ಮೇಲಿನ ಪ್ರೀತಿ ಬೇರೆ. ಕೆಲವರು ಎರಡನ್ನೂ ಕಲಸಿಕೊಂಡುಬಿಡುತ್ತಾರೆ. ಜರ್ಮನಿಯಲ್ಲಿ ನಾಜಿ ಚಿಹ್ನೆ ಬರೆಸಿಕೊಂಡು ರಸ್ತೆಗೆ ಬಂದರೆ ಅದು ಅಪರಾಧ.

ಇದು ಮಗುಚಲ್ವಾ?

ನೇರವಾಗಿ ಏರು ಹತ್ತುವುದರಲ್ಲಿ ಗಟ್ಟಿಗ. ಮರಳಿನಲ್ಲೇ 24 ಡಿಗ್ರಿ ಇಳಿಜಾರು ಹತ್ತುತ್ತದೆ. ಅಡ್ಡ ಇಳಿಜಾರಿನಲ್ಲಿ ಹುಷಾರಾಗಿರಬೇಕು, ಅಗಲ ಒಂದೇ ಮೀಟರ್ ಅಲ್ವಾ. ಬೈಕಾದರೆ ಬೀಳುವಾಗ ಹಾರಿಕೊಳ್ಳಬಹುದು. ಇಲ್ಲಿ ಡ್ರೈವರ್ ಹಿಂದೆ ಎಂಜಿನ್, ಮುಂದೆ ಹ್ಯಾಂಡಲ್, ಎರಡೂ ಪಕ್ಕ ಟ್ರ್ಯಾಕಿನ ಗೋಡೆ. ತೊಟ್ಟಿಯಲ್ಲಿ ಕೂತ ಹಾಗೆ. ಹಾರುವುದು ಸುಲಭವಲ್ಲ.

ಯುದ್ಧ ಮುಗಿದ ಮೇಲೆ ಏನಾಯ್ತು?

ಹೊಲಕ್ಕೆ ಬಂತು. ಯುದ್ಧ ಮುಗಿದ ಮೇಲೂ ಎನ್‌ಎಸ್‌ಯು ಸುಮಾರು 550 ಗಾಡಿ ಮಾಡಿತು, ಬೇಸಾಯಕ್ಕೆ ಮತ್ತು ಕಾಡಿನ ಕೆಲಸಕ್ಕೆ. 1940ರ ದಶಕದ ಕೊನೆಗೆ ನಿಲ್ಲಿಸಿತು. ಟ್ರ್ಯಾಕ್ಟರಾಗಿ ಹುಟ್ಟಿದ್ದು ಕೊನೆಗೂ ಟ್ರ್ಯಾಕ್ಟರ್ ಕೆಲಸಕ್ಕೇ ಸೇರಿತು.

ಟ್ರ್ಯಾಕ್ ಬೈಕು ಅಂದ್ರೆ ಇದೊಂದೇನಾ?

ಅಲ್ಲ. 1930ರ ದಶಕದಲ್ಲಿ ಫ್ರಾನ್ಸಿನ ಮೆರ್ಸಿಯೆ ಅನ್ನುವವರು ಉಲ್ಟಾ ಮಾಡಿದರು: ಟ್ರ್ಯಾಕ್ ಮುಂದೆ, ಚಕ್ರ ಹಿಂದೆ. ಎಂಜಿನ್ನೂ ಮುಂದಿನ ಟ್ರ್ಯಾಕಿನ ಮೇಲೆಯೇ. ನೋಡಲು ವಿಚಿತ್ರ, ಹೆಚ್ಚು ದೂರ ಹೋಗಲಿಲ್ಲ.

ಹಿಮದ ಮೇಲೆ ಟ್ರ್ಯಾಕ್ ಓಡಿಸುವ ಕತೆಯಲ್ಲಿ ದೊಡ್ಡ ಹೆಸರು ಅದಾಲ್ಫ್ ಕೆಗ್ರೆಸ್. ಫ್ರಾನ್ಸಿನವರು, ರಷ್ಯದ ತ್ಸಾರ್ ದೊರೆಯ ಗ್ಯಾರೇಜಿನಲ್ಲಿ ಕೆಲಸ. ದೊರೆಯ ಕಾರುಗಳು ಹಿಮದಲ್ಲಿ ಓಡಲೆಂದು ಕಬ್ಬಿಣದ ಬದಲು ರಬ್ಬರಿನ ಪಟ್ಟಿ ತಂದವರು ಅವರು. ಕ್ರಾಂತಿಯ ನಂತರ ಲೆನಿನ್ ಬಳಸಿದ ರೋಲ್ಸ್ ರಾಯ್ಸ್‌ಗೂ ಅದೇ ಪಟ್ಟಿ. ಕೆಗ್ರೆಸ್ ಊರಿಗೆ ಮರಳಿ ಸಿಟ್ರೊಯೆನ್ ಕಾರು ಕಂಪನಿ ಸೇರಿದರು. ಅವರ ಪಟ್ಟಿ ಹಾಕಿದ ಕಾರುಗಳು ಸಹಾರಾ ಮರಳು ದಾಟಿದವು. 1931ರಲ್ಲಿ ಬೈರೂತ್‌ನಿಂದ ಹೊರಟ ತಂಡ ನಮ್ಮ ಶ್ರೀನಗರಕ್ಕೂ ಬಂದು, ಎರಡು ಕಾರುಗಳನ್ನು ಗಿಲ್ಗಿಟ್‌ವರೆಗೆ ಬೆಟ್ಟದ ಜಾಡಿನಲ್ಲೇ ತೆಗೆದುಕೊಂಡು ಹೋಯಿತು.

ಕೆನಡಾದಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ 1959ರಲ್ಲಿ ಸ್ಕಿ-ಡೂ ತಂದ ಮೇಲೆ ಹಿಮದ ಸವಾರಿ ಮನೆಮಾತಾಯಿತು. ಗುಲ್ಮಾರ್ಗ್‌ಗೋ ಸೋಲಂಗ್‌ಗೋ ಪ್ರವಾಸ ಹೋದಾಗ ದುಡ್ಡು ಕೊಟ್ಟು ಹತ್ತುವ ಸ್ನೋ ಸ್ಕೂಟರ್ ಅದೇ ವಂಶದ್ದು. ಸಿಯಾಚಿನ್‌ನಲ್ಲಿ ನಮ್ಮ ಸೈನಿಕರು ಬಳಸುವುದೂ ಅಂಥದ್ದನ್ನೇ. ಮುಂದೆ ಎರಡು ಸ್ಕೀ, ಹಿಂದೆ ಅಗಲ ರಬ್ಬರ್ ಪಟ್ಟಿ.

ನನ್ನ ಹಳೆ ಬುಲೆಟ್‌ಗೆ ಟ್ರ್ಯಾಕ್ ಹಾಕಿಸಬಹುದಾ?

ಬೈಕನ್ನು ಹಿಮಕ್ಕೆ ಬದಲಿಸುವ ಕಿಟ್‌ಗಳು ಅಮೆರಿಕ, ಕೆನಡಾದಲ್ಲಿ ಸಿಗುತ್ತವೆ. ಮುಂದಿನ ಚಕ್ರದ ಜಾಗಕ್ಕೆ ಒಂದು ಸ್ಕೀ, ಹಿಂದಿನ ಸ್ವಿಂಗ್‌ಆರ್ಮ್ (ಚಕ್ರವನ್ನು ಹಿಡಿದಿಡುವ ತೋಳು) ಬಿಚ್ಚಿ ಅಲ್ಲಿಗೆ ಟ್ರ್ಯಾಕ್. ಟಿಂಬರ್‌ಸ್ಲೆಡ್ ಅನ್ನುವ ಕಂಪನಿ ಇದರಲ್ಲಿ ಹೆಸರು ಮಾಡಿತು, 2015ರಲ್ಲಿ ಅಮೆರಿಕದ ಪೊಲಾರಿಸ್ ಕಂಪನಿ ಅದನ್ನು ಕೊಂಡಿತು. ಆದರೆ ಆ ಕಿಟ್‌ಗಳು ಹಗುರವಾದ, ಜೋರಾಗಿ ಓಡುವ ಮೋಟೊಕ್ರಾಸ್ ಬೈಕಿಗೆ ಮಾಡಿದವು. ಹಳೆ ಬುಲೆಟ್ಟು ತನ್ನ ಭಾರವನ್ನೇ ಹೊರಲಾರದೆ ಏದುಸಿರು ಬಿಡುತ್ತದೆ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ. ಸೈಲೆನ್ಸರ್ ಬದಲಿಸಿದ್ದಕ್ಕೇ ಪೊಲೀಸರು ಹಿಡಿಯುತ್ತಾರೆ, ಟ್ರ್ಯಾಕ್ ಹಾಕಿಕೊಂಡು ಬಂದರೆ ಬಿಡ್ತಾರಾ? ಸುಮ್ನೆ ಒಳ್ಳೆ ಬುಲೆಟ್ ಹಾಳು ಮಾಡಬೇಡಿ.

ಕೆಟ್ಟೆನ್‌ಕ್ರಾಡನ್ನ ಕಣ್ಣಾರೆ ನೋಡಬೇಕು. ಎಲ್ಲಿದೆ?

ಜರ್ಮನಿಯಲ್ಲಿರುವ ಕನ್ನಡಿಗರಿಗೆ ಸುಲಭ. ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಮಾಡುವವರು ಒಂದು ಭಾನುವಾರ ನೆಕರ್‌ಸುಲ್ಮ್‌ಗೆ ಹೋಗಿ ಬನ್ನಿ, ಹತ್ತಿರವೇ. ಅಲ್ಲಿ ಹಳೆಯ ಕೋಟೆಮನೆಯೊಳಗೆ ದ್ವಿಚಕ್ರ ಮತ್ತು ಎನ್‌ಎಸ್‌ಯು ಮ್ಯೂಸಿಯಂ ಇದೆ. ಹೋದಾಗ ಹ್ಯಾಂಡಲ್ ಹಿಂದೆ ನಿಂತು ಸೆಲ್ಫಿ ತೆಗೆದುಕೊಂಡು ಬರಬೇಡಿ. ಪಕ್ಕಕ್ಕೆ ಬಂದು ಕುಕ್ಕರುಗಾಲಲ್ಲಿ ಕೂತು ಚಕ್ರಗಳ ಸಂದಿ ನೋಡಿ.

ಜರ್ಮನಿಗೆ ಹೋಗೋಕಾಗಲ್ಲ, ಏನ್ ಮಾಡೋದು?

ಜಪಾನಿನ ಮಾಡೆಲ್ ಕಂಪನಿ ತಮಿಯಾದವರು 1/35 ಅಳತೆಯ ಪ್ಲಾಸ್ಟಿಕ್ ಮಾಡೆಲ್ ಕಿಟ್ ಮಾಡಿದ್ದಾರೆ. ಅಂಗೈ ಮೇಲೆ ಕೂರುವಷ್ಟು ಚಿಕ್ಕದು. ಒಂದು ಎಚ್ಚರಿಕೆ: ಚಕ್ರಗಳನ್ನು ಒಳಗಿನ ಸಾಲಿನಿಂದಲೇ ಅಂಟಿಸುತ್ತಾ ಬನ್ನಿ, ಬಣ್ಣ ಬಳಿಯುವುದನ್ನೂ ಆಗಲೇ ಮುಗಿಸಿಕೊಳ್ಳಿ. ಹೊರಗಿನ ಸಾಲು ಕೂತ ಮೇಲೆ ಬ್ರಷ್ ಒಳಗೆ ಹೋಗುವುದಿಲ್ಲ. ನಾನು ಮೊದಲು ಮಾಡಿದ್ದರಲ್ಲಿ ಎಡಗಡೆಯ ಒಳಚಕ್ರಗಳು ಇವತ್ತಿಗೂ ಬರೀ ಪ್ಲಾಸ್ಟಿಕ್ ಬಣ್ಣದಲ್ಲೇ ಇವೆ.